ಸಂಕಪ್ಪನಿಗೊಂದು ಆರು ತಿಂಗಳ ತವರು

ಭೀಮವ್ವನ ಹುಗ್ಗಿಗೆ ಹೆಸರಿಡುವ ಎದೆಗಾರಿಕೆ ಗುಲ್ಟೇಕಡಿಯ ಆ ವಠಾರದಂಥ ಚಾಳಿನಲ್ಲಿ ಯಾರಿಗೂ ಇರಲಿಲ್ಲ. ಗಂಡ ಸಿದ್ರಾಮಪ್ಪನಿಗಂತೂ ಇರಲೇ ಇಲ್ಲ. ಪ್ರತಿ ಅಮಾವಾಸ್ಯೆ ಬೆಳಿಗ್ಗೆ ತಲೆಗೆ ನೀರು ಹಾಕಿಕೊಂಡು ಗೋಧಿ ಹುಗ್ಗಿ ಮಾಡುವುದು, ದೊಡ್ಡ ಪಾತೇಲಿಯನ್ನು ರಿಕ್ಷಾದಲ್ಲಿಟ್ಟುಕೊಂಡು ಮಹಿಳಾ ಸಂಘದ ಹೆಂಗಸರ ಜೊತೆ ಸ್ವಾರಗೇಟ್ ಬಸ್ ನಿಲ್ದಾಣಕ್ಕೆ ಹೋಗುವುದು, ಫುಟ್‌ಪಾತಿನ ಮೇಲಿರುವವರಿಗೆ ಹಂಚಿ ಬರುವುದು ಅವಳ ಪದ್ಧತಿ. ಎರಡು ವರ್ಷದಲ್ಲಿ ಒಂದು ಅಮಾವಾಸ್ಯೆಯೂ ತಪ್ಪಿಲ್ಲ.

ಈ ಸಲ ಮಾತ್ರ ಮುಖ ಕೆಂಪಗೆ ಮಾಡಿಕೊಂಡು ಮನೆಗೆ ಬಂದಳು. ಆಗಿದ್ದಿಷ್ಟೇ. ನಿಲ್ದಾಣದ ಗೋಡೆಗೆ ಒರಗಿ ಯಾವಾಗಲೂ ಕೂರುವ ಬಿಳಿ ಗಡ್ಡದವನೊಬ್ಬ ಎರಡು ತುತ್ತು ತಿಂದು ಹೇಳಿದ್ದ:

"ಅಮ್ಮ, ಪರಿಮಳ ಒಳ್ಳೆಯದುಂಟು. ಬೆಲ್ಲ ಮಾತ್ರ ಸ್ವಲ್ಪ ಬೇಗ ಬಿತ್ತು. ಗೋಧಿ ಇನ್ನೂ ಬೇಯ್ಬೇಕಿತ್ತು."

"ಬೇಡಿ ತಿನ್ನಾಂವಗ ರುಚಿ ಬ್ಯಾರೆ ಬೇಕಂತ!" ಎಂದು ಭೀಮವ್ವ ಪಾತೇಲಿಯನ್ನು ಧಡ್ ಎಂದು ಇಟ್ಟಳು. ಸೊಸೆ ಮಾಧುರಿ ತಳದಲ್ಲಿ ಉಳಿದಿದ್ದ ಹುಗ್ಗಿ ತಿಂದು ನೋಡಿದಳು. ಗೋಧಿ ಹಲ್ಲಿಗೆ ಸಿಕ್ಕಿತು. ಜಾಣೆ, ಹಾಗೆಯೇ ನುಂಗಿಕೊಂಡಳು.

ಆ ಸಿಟ್ಟಿನ ಹೊತ್ತಿಗೇ ಕುಸುಮ ಬರಬೇಕೆ! ಕುಸುಮ ಓಣಿಯ ದವಾಖಾನೆಯಲ್ಲಿ ನರ್ಸ್. ಮಂಗಳೂರಿನ ಕಡೆಯವಳು, ಗಂಡ ನಿತಿನ ಹೋಟೆಲ್ ನಡೆಸುತ್ತಾನೆ. ಅವಳ ಕೈಯಲ್ಲಿ ಒಂದು ಕಾಗದವಿತ್ತು.

"ಭೀಮಕ್ಕ, ನಮ್ಮ ಕನ್ನಡ ಸಮಾಜದ ಹಾಲ್ ಹಿಂದೆ ಎರಡು ಖೋಲಿ ಬೀಗ ಹಾಕಿ ಬಿದ್ದಿದೆಯಲ್ಲ, ಅಲ್ಲಿ ಮನೆಯಿಲ್ಲದ ಆರು ಜನರಿಗೆ ಆರಾರು ತಿಂಗಳು ಇರ್ಲಿಕ್ಕೆ ಜಾಗ ಮಾಡ್ತಾ ಇದ್ದೇವೆ. ಪಕ್ಕದ ಚಾಳಿನವರು ಒಪ್ಪಬೇಕು. ನೀವು ಸಹಿ ಹಾಕಿದ್ರೆ ಎಲ್ಲರೂ ಹಾಕ್ತಾರೆ."

"ಬೇಕಾದ್ರ ಎರಡು ಪಾತೇಲಿ ಹುಗ್ಗಿ ಮಾಡಿ ಕೊಡ್ತೀನವ್ವಾ. ಮನಿ ಬಾಜೂಕ ಮಾತ್ರ ಬ್ಯಾಡ. ಸೊಸಿ ಇರೋ ಮನಿ ನಮ್ದು. ಕುಡುಕರು, ಕಳ್ಳರು, ಯಾರ್ಯಾರು ಬರ್ತಾರೋ! ರಾತ್ರಿ ಮಲಗಾಕ ಪಾಲಿಕೆದವರ ಜಾಗ ಅದಾವಲ್ಲ, ಅಲ್ಲೇ ಹೋಗ್ಲಿ."

"ರಾತ್ರಿ ಮಲಗ್ಲಿಕ್ಕೆ ಅದು ಬೇಕೇ ಬೇಕು. ಆದ್ರೆ ಒಬ್ಬ ಮನುಷ್ಯ ಮತ್ತೆ ಕೆಲಸಕ್ಕೆ ಸೇರಿ, ಸ್ವಂತ ಬಾಡಿಗೆ ಖೋಲಿ ಹಿಡೀಬೇಕಾದ್ರೆ ಅಷ್ಟು ಸಾಕಾಗುದಿಲ್ಲ. ಸ್ನಾನಕ್ಕೆ ನೀರು, ಸಾಮಾನಿಗೆ ಬೀಗ, ಹೇಳಿಕೊಳ್ಳಲಿಕ್ಕೆ ಒಂದು ವಿಳಾಸ, ಬೆನ್ನ ಹಿಂದೆ ನಾಲ್ಕು ಜನ ಬೇಕು. ಮತ್ತೆ, ಸುಮ್ಮನೆ ಯಾರನ್ನೂ ತಂದು ಬಿಡುದಿಲ್ಲ. ಪೊಲೀಸರಿಗೆ ಹೆಸರು ಕೊಡ್ತೇವೆ. ಕುಡಿದು ಬಂದ್ರೆ ಜಾಗ ಇಲ್ಲ. ನೋಡಿಕೊಳ್ಳಲಿಕ್ಕೆ ಒಬ್ಬರು ಅಲ್ಲೇ ಇರ್ತಾರೆ. ಕಮಿಟಿಯಲ್ಲಿ ನಿಮ್ಮ ಸಂಘದ ಇಬ್ಬರು."

"ಬ್ಯಾಡ ಅಂದ್ರ ಬ್ಯಾಡ."

"ಮೊದಲ ಹೆಸರು ಸಂಕಪ್ಪಣ್ಣಂದು. ನಿಮಗೆ ಗೊತ್ತಿರಬೇಕು. ಸ್ವಾರಗೇಟ್ ಗೋಡೆ ಹತ್ತಿರ ಕೂರ್ತಾರೆ, ಬಿಳಿ ಗಡ್ಡ."

"ಅಯ್ಯ! ನನ್ನ ಹುಗ್ಗಿಗೆ ಹೆಸರಿಟ್ಟಾಂವ!"

ಕುಸುಮ ನಕ್ಕುಬಿಟ್ಟಳು. "ಇಟ್ಟರಾ? ಇಡ್ತಾರೆ ಮಾರಾಯ್ರೆ. ಇಪ್ಪತ್ತೆಂಟು ವರ್ಷ ಹೋಟೆಲಲ್ಲಿ ಅಡುಗೆ ಮಾಡಿದವರು."

ಭೀಮವ್ವ ಕಕ್ಕಾಬಿಕ್ಕಿಯಾದಳು. ಕುಸುಮ ವಿಷಯ ಹೇಳಿದಳು. ಮಂಗಳೂರಿನ ಕಡೆಯಿಂದ ಬಂದ ಹೋಟೆಲ್ ಕೆಲಸಗಾರರು ಎಷ್ಟೋ ಜನ ಹೋಟೆಲಿನ ಅಟ್ಟದಲ್ಲೇ ಮಲಗುತ್ತಾರೆ. ಸಂಕಪ್ಪನೂ ಹಾಗೆಯೇ ಇದ್ದ. ಮದುವೆಯಾಗಿರಲಿಲ್ಲ. ಮಾಲೀಕರು ಹೋಟೆಲ್ ಮಾರಿದರು. ಒಂದೇ ದಿನ ಕೆಲಸವೂ ಹೋಯಿತು, ಮಲಗುವ ಜಾಗವೂ ಹೋಯಿತು. ಗೋಡೆಯ ಪಕ್ಕ ಮಲಗಿದ್ದಾಗ ಗುರುತಿನ ಕಾಗದಗಳಿದ್ದ ಚೀಲವನ್ನು ಯಾರೋ ಎತ್ತಿಕೊಂಡು ಹೋದರು. ಆಮೇಲೆ ಕೆಲಸ ಕೇಳಿದಲ್ಲೆಲ್ಲ ಮೊದಲು ವಿಳಾಸ ಕೇಳಿದರು.

"ನಮ್ಮವರು ಕೆಲಸ ಕೊಡ್ಲಿಕ್ಕೆ ತಯಾರಿದ್ದಾರೆ," ಎಂದಳು ಕುಸುಮ. "ಒಂದನೇ ತಾರೀಖಿಗೆ ಸೇರಬೇಕು. ಆದ್ರೆ ನಮ್ಮ ಹೋಟೆಲಲ್ಲಿ ಮಲಗ್ಲಿಕ್ಕೆ ಜಾಗ ಇಲ್ಲ. ಒಂದನೇ ತಾರೀಖು ದಾಟಿದ್ರೆ ಬೇರೆ ಅಡುಗೆಯವರು ಬರ್ತಾರೆ. ಭಾನುವಾರ ಸಭೆ ಉಂಟು ಭೀಮಕ್ಕ. ನೀವು ಬೇಡ ಅಂದ್ರೆ ಸಂಕಪ್ಪಣ್ಣ ಅಲ್ಲೇ ಗೋಡೆ ಹತ್ತಿರ."

ಅವಳು ಹೋದ ಮೇಲೆ ಭೀಮವ್ವ ಕಾಗದವನ್ನು ಮಸಾಲೆ ಡಬ್ಬಿಯ ಕೆಳಗೆ ತಳ್ಳಿದಳು. ಆದರೆ ಮನಸ್ಸಿನಿಂದ ಆಚೆ ತಳ್ಳಲಾಗಲಿಲ್ಲ. ಮರುದಿನ ಬೆಳಿಗ್ಗೆ ಯಾರಿಗೂ ಹೇಳದೆ ಒಂದು ಹಿಡಿ ಗೋಧಿ ಬೇಯಲಿಟ್ಟಳು. ಬೆರಳಲ್ಲಿ ಹಿಚುಕಿ, ಪೂರ್ತಿ ಮೆತ್ತಗಾದ ಮೇಲೆಯೇ ಬೆಲ್ಲ ಹಾಕಿದಳು. ಮಾಧುರಿ ಬಟ್ಟಲು ಬಳಿದು ತಿಂದಳು.

"ಅತ್ತಿ, ಇವತ್ತಿನ ಹುಗ್ಗಿ ಭಾಳ ಛಲೋ ಆಗ್ಯದ ನೋಡ್ರಿ. ಬೆಣ್ಣಿ ಆಗ್ಯದ."

"ಅಂದ್ರ ಇಷ್ಟು ದಿವಸ ಏನಾಗಿತ್ತು?"

ಮಾಧುರಿ ನಲ್ಲಿ ತಿರುಗಿಸಿ ಪಾತ್ರೆ ತೊಳೆಯಲು ನಿಂತಳು. ಭೀಮವ್ವ ಸೆರಗು ಸರಿಮಾಡಿಕೊಂಡು, ಡಬ್ಬಿಯಲ್ಲಿ ಹುಗ್ಗಿ ತುಂಬಿಕೊಂಡು ಒಬ್ಬಳೇ ಸ್ವಾರಗೇಟ್‌ಗೆ ಹೊರಟಳು.

ಸಂಕಪ್ಪ ಡಬ್ಬಿ ತೆಗೆದು ಒಂದು ಚಮಚ ಬಾಯಿಗಿಟ್ಟು ಕಣ್ಣು ಮುಚ್ಚಿದ. "ಈಗ ಸರಿಯಾಯ್ತು ಅಮ್ಮ."

"ನಿಮ್ಮ ಹೆಸರು ಸಂಕಪ್ಪ ಅಂತಲ್ರಿ?"

ಅವನು ತಲೆಯೆತ್ತಿ ನೋಡಿದ. "ಹೌದು. ಎರಡು ವರ್ಷದಿಂದ ನಿಮ್ಮ ಕೈಯ ಹುಗ್ಗಿ ತಿಂತಾ ಇದ್ದೇನೆ. ಹೆಸರು ಕೇಳಿದ್ದು ಇವತ್ತೇ."

ಭೀಮವ್ವನಿಗೆ ನಾಚಿಕೆಯಾಯಿತು. ಅದನ್ನು ಮುಚ್ಚಿಕೊಳ್ಳಲು ಸ್ವಲ್ಪ ಗಡುಸಾಗಿಯೇ ಕೇಳಿದಳು: "ಕೆಲಸಾ ಮಾಡೋ ಕೈ ಅದಾವ. ವಿಳಾಸ ಕೇಳದಿರೋ ಚಾ ಗಾಡಿ, ವಡಾಪಾವ್ ಗಾಡಿ ಎಷ್ಟಿಲ್ಲ? ಅಲ್ಲಿ ಯಾಕ ನಿಲ್ಲಲಿಲ್ಲ?"

"ಒಂದು ಗಾಡಿಯಲ್ಲಿ ನಾಲ್ಕು ದಿನ ನಿಂತೆ. ಸ್ನಾನಕ್ಕೆ ಎಲ್ಲಿಯೂ ನೀರಿಲ್ಲ. ಸ್ನಾನ ಮಾಡದೆ ಒಲೆ ಮುಟ್ಟುದು ಹೇಗಮ್ಮ? ಒಲೆಯ ಎದುರು ನಿಂತ್ರೆ ನನಗೇ ನನ್ನ ಮೇಲೆ ಅಸಹ್ಯ ಆಗ್ತಿತ್ತು. ಬಿಟ್ಟು ಬಂದೆ."

ಮೈತೊಳೆಯದೆ ಭೀಮವ್ವ ಒಂದು ದಿನವೂ ಒಲೆ ಹಚ್ಚಿದವಳಲ್ಲ. ಜ್ವರ ಬಂದರೂ ಅಷ್ಟೇ. ಇವನಿಗೂ ಅದೇ ಮಡಿ, ಆದರೆ ಬಕೆಟ್ ಇಲ್ಲ. ಬಸ್ಸಿನಲ್ಲಿ ಬರುವಾಗ ಅವಳಿಗೆ ಕಣ್ಣು ತುಂಬಿ ಬಂತು.

ಭಾನುವಾರ ಸಭೆಯಲ್ಲಿ ಮೊದಲು ಎದ್ದವನು ಅವಳ ಗಂಡನೇ. ಸಿದ್ರಾಮಪ್ಪ ಮಾರ್ಕೆಟ್ ಯಾರ್ಡ್‌ನಲ್ಲಿ ಈರುಳ್ಳಿ ಅಂಗಡಿಯ ಗುಮಾಸ್ತ. ಮಾತು ತೂಗಿ ಆಡುವವನು.

"ಇವತ್ತು ಆರು ತಿಂಗಳಾ ಅಂತಾರ, ನಾಳೆ ಗೂಟಾ ಬಡೀತಾರ. ಒಮ್ಮೆ ಒಳಗ ಬಂದವರನ್ನ ಹೊರಗ ಹಾಕೋದು ಆಗೂದಿಲ್ರಿ."

ಎಲ್ಲರೂ ಭೀಮವ್ವನ ಕಡೆ ನೋಡಿದರು. ಅವಳು ಎದ್ದಳು.

"ಏನ್ರಿ, ನಾನು ಬಾಣಂತನಕ್ಕ ತವರಿಗೆ ಹೋಗಿದ್ದೆ. ಐದು ತಿಂಗಳಾ ಇದ್ದೆ. ನಮ್ಮ ಅಣ್ಣ ಗೂಟಾ ಬಡೀತಾಳ ಅಂದನೇನು?"

"ಅದು ಬ್ಯಾರೆ ಮಾತು."

"ಹೆಂಗ ಬ್ಯಾರೆ? ಮೈ ಹಣ್ಣಾಗಿರ್ತದ, ಎದ್ದು ನಿಲ್ಲಾಕ ಬಲಾ ಇರೂದಿಲ್ಲ. ತವರಿನವರು ನೀರು ಹಾಕ್ತಾರ, ಬಿಸಿ ಅನ್ನಾ ಕೊಡ್ತಾರ, ಬಲಾ ಬಂದ ಮ್ಯಾಲ ನಾವ ಗಂಟು ಕಟ್ಟಿಕೊಂಡು ಹೊಂಡ್ತೀವಿ. ಇವರಿಗೆ ಈ ಊರಾಗ ತವರು ಇಲ್ಲ, ಅಷ್ಟೇ. ಎರಡು ವರ್ಷ ಒಂದೇ ಗ್ವಾಡಿ ಮುಂದ ಒಬ್ಬ ಮನುಷ್ಯಾಗ ಹುಗ್ಗಿ ಹಾಕಿ ಪುಣ್ಯಾ ಬಂತು ಅಂತ ತಿಳಿದಿದ್ದೆ. ಅಂವಗ ಬೇಕಾಗಿದ್ದು ಒಂದು ಬಕೆಟ್ ನೀರು, ಒಂದು ಬಾಗಿಲಾ. ಕುಸುಮಾ, ಕೊಡು ಪೆನ್ನು. ಕಮಿಟಿಯೊಳಗೂ ನಂದೇ ಹೆಸರು ಬರಿ. ಯಾರರ ಕುಡಿದು ಬಂದ್ರ ನನ್ನ ಕೈಯಾಗ ಲಟ್ಟಣಿಗೆ ಅದ."

ಜನ ನಕ್ಕರು. ಭೀಮವ್ವ ಸಹಿ ಹಾಕಿ ಕಾಗದವನ್ನು ಗಂಡನ ಮುಂದೆ ಹಿಡಿದಳು.

"ನಾನೂ ಹಾಕಬೇಕೇನ?" ಎಂದ ಸಿದ್ರಾಮಪ್ಪ.

"ಹುಗ್ಗಿ ಬೇಕೋ ಬ್ಯಾಡೋ?"

ಹಾಕಿದ.

ಒಂದನೇ ತಾರೀಖಿಗೆ ಎರಡು ದಿನ ಮುಂಚೆ ಖೋಲಿಗಳ ಬೀಗ ತೆರೆಯಿತು. ಸಂಕಪ್ಪ ಒಳಗೆ ಬಂದವನೇ ಮೊದಲು ಸ್ನಾನದ ಮನೆಗೆ ಹೋದ. ಎಷ್ಟು ಹೊತ್ತಾದರೂ ನೀರಿನ ಸದ್ದು ನಿಲ್ಲಲಿಲ್ಲ. ಯಾರೂ ಬಾಗಿಲು ಬಡಿಯಲಿಲ್ಲ. ಸಮಾಜದ ಕಾರ್ಯದರ್ಶಿ ವಿಳಾಸದ ಪತ್ರ ಬರೆದುಕೊಟ್ಟರು, ಕುಸುಮ ಗುರುತಿನ ಚೀಟಿಗೆ ಅರ್ಜಿ ಹಾಕಿಸಿದಳು, ನಿತಿನ ಮಾತಿನಂತೆ ಕೆಲಸ ಕೊಟ್ಟ.

ಎಲ್ಲವೂ ನೆಟ್ಟಗೆ ನಡೆಯಿತು ಎಂದರೆ ಸುಳ್ಳಾಗುತ್ತದೆ. ಬಂದ ಆರು ಜನರಲ್ಲಿ ಒಬ್ಬ ಎರಡನೇ ವಾರದಲ್ಲೇ ಕುಡಿದು ಬಂದ. ನಿಯಮದಂತೆ ಜಾಗ ಬಿಡಿಸಿದರು. ಕುಸುಮ ಅವನನ್ನು ಕುಡಿತ ಬಿಡಿಸುವ ಕಡೆ ಸೇರಿಸಿ ಬಂದಳು. ಉಳಿದ ಐವರು ನಿಂತರು. ಐದನೇ ತಿಂಗಳಿಗೆ ಸಂಕಪ್ಪ ಹೋಟೆಲಿನ ಹತ್ತಿರವೇ ಸಣ್ಣ ಬಾಡಿಗೆ ಖೋಲಿ ಹಿಡಿದ. ಹೊರಡುವ ದಿನ ಭೀಮವ್ವ ತವರಿನ ಪದ್ಧತಿಯಂತೆ ಅಕ್ಕಿ, ಬೆಲ್ಲ ಕಟ್ಟಿಕೊಟ್ಟಳು. ಅವನ ಮಂಚಕ್ಕೆ ಮರುದಿನವೇ ಸ್ವಾರಗೇಟ್‌ನಿಂದ ಇನ್ನೊಬ್ಬರು ಬಂದರು.

ಮುಂದಿನ ಅಮಾವಾಸ್ಯೆಗೆ ಹುಗ್ಗಿ ಬೆಂದದ್ದು ಆ ಖೋಲಿಗಳ ಅಂಗಳದಲ್ಲಿ. ಸಂಕಪ್ಪ ರಜೆ ಹಾಕಿ, ಮಿಂದು, ಬಿಳಿ ಪಂಚೆಯುಟ್ಟು ಬಂದಿದ್ದ. ಭೀಮವ್ವ ಬೆಲ್ಲದ ತಟ್ಟೆ ಹಿಡಿದು ಪಾತೇಲಿಯ ಪಕ್ಕ ಕಾದಳು.

"ಈಗರ ಹಾಕ್ಲೇನ್ರಿ ಸಂಕಪ್ಪಣ್ಣ?"

"ಸ್ವಲ್ಪ ನಿಲ್ಲಿ ಅಕ್ಕ." ಅವನು ಒಂದು ಕಾಳು ತೆಗೆದು ಹಿಚುಕಿ ನೋಡಿದ. "ಹಾಂ, ಈಗ ಹಾಕಿ."

ಓದುವ, ಕೇಳುವ ಅಕ್ಕಂದಿರೇ, ಅಣ್ಣಂದಿರೇ, ಅನ್ನ ಹಾಕುವುದನ್ನು ಬಿಡಬೇಡಿ. ಆದರೆ ಹಾಕುವಾಗ ಹೆಸರು ಕೇಳಿ, ಏನು ಕೆಲಸ ಬಲ್ಲರು ಎಂದು ಕೇಳಿ. ನಿಮ್ಮ ಸಮಾಜದ ಹಾಲ್‌ನಲ್ಲೋ ಮಠದಲ್ಲೋ ಬೀಗ ಬಿದ್ದ ಖೋಲಿ ಇದ್ದರೆ ಮುಂದಿನ ಸಭೆಯಲ್ಲಿ ಅದರ ಮಾತೆತ್ತಿ. ಅನುಮಾನವಿದ್ದರೆ ನಿಯಮ ಮಾಡಿ, ಕಮಿಟಿಯಲ್ಲಿ ನೀವೇ ಕೂತುಕೊಳ್ಳಿ. ನಿಮ್ಮ ಓಣಿಗೆ ಇಂಥ ಕಾಗದ ಬಂದರೆ ಮಸಾಲೆ ಡಬ್ಬಿಯ ಕೆಳಗೆ ಇಡಬೇಡಿ. ಗೋಡೆಯ ಪಕ್ಕ ಒಬ್ಬರು ಕಾಯುತ್ತಿರುತ್ತಾರೆ, ಸಹಿ ಹಾಕಿ.