ಹಳದಿ ದಂಟಿನ ಗರಿ

ಮರಕುಟಿಗ ಲಾರಿಗೆ ಸಿಕ್ಕಿ ಸತ್ತಿತ್ತು ಎಂದು ಆರ್ವಿಲ್ ಭಾವನಿಗೆ ನಾನು ಹೇಳಿದ್ದು ಸುಳ್ಳು. ಮಿಲ್ಲಿನ ಹಿಂದಿನ ಒಣಗಿದ ಓಕ್ ಮರದಲ್ಲಿ ಅದು ಕೂತಿತ್ತು. ಏರ್‌ಗನ್ನಿನ ಒಂದೇ ಏಟಿಗೆ ಬಿತ್ತು.

ಭಾವ ನನ್ನ ಹೆಂಡತಿ ಲೊರೀನಾಳ ಅಣ್ಣ. ವಯಸ್ಸು ಅರವತ್ತೊಂಬತ್ತು, ಎದೆಯ ತುಂಬ ಅಭ್ರಕದ ಗಣಿಯ ಧೂಳು. ಚಳಿಗಾಲವಿಡೀ ಅಡುಗೆಮನೆಯ ಮೇಜಿಗೆ ಇಕ್ಕಳ ಬಿಗಿದುಕೊಂಡು, ಗಾಳಕ್ಕೆ ಗರಿ ಸುತ್ತಿ, ಮೀನು ನಿಜವೆಂದು ಕಚ್ಚುವಂಥ ಹುಸಿನೊಣ ಕಟ್ಟುತ್ತಾರೆ. ನಮ್ಮ ಬೆಟ್ಟದ ಹಳೆಯ ಬಗೆಯ ನೊಣಕ್ಕೆ ಹಳದಿ ಮರಕುಟಿಗದ ರೆಕ್ಕೆಗರಿಯೇ ಆಗಬೇಕು. ದಂಟನ್ನು ಬ್ಲೇಡಿನಿಂದ ಉದ್ದಕ್ಕೆ ಸೀಳಿ, ನೀರಲ್ಲಿ ನೆನೆಸಿ ಸುತ್ತಿದರೆ ಎಳೆಗಳು ಹುಳುವಿನ ಕಾಲಿನಂತೆ ನಿಲ್ಲುತ್ತವೆ. ಆದರೆ ಆ ಹಕ್ಕಿಯನ್ನು ಕೊಲ್ಲುವುದೂ ಅದರ ಗರಿ ಇಟ್ಟುಕೊಳ್ಳುವುದೂ ಅಪರಾಧ. ಹಾಗಾಗಿ ಎಲ್ಲರೂ ಬೆಳವನ ಹಕ್ಕಿಯ ಗರಿಗೆ ಹಳದಿ ಬಣ್ಣ ಹಾಕಿ ಕಟ್ಟುತ್ತಾರೆ. ಭಾವನೂ ಹಾಗೇ ಕಟ್ಟುತ್ತಿದ್ದರು, ಕಟ್ಟಿ ಮುಗಿಸಿ ಪ್ರತಿ ಸಲ ಮುಖ ಸಿಂಡರಿಸುತ್ತಿದ್ದರು.

ಹಳ್ಳದ ಮೇಲಿನ ಗುಂಡಿಯಲ್ಲಿ ಮೊಳದುದ್ದದ ಟ್ರೌಟ್ ಮೀನುಗಳಿವೆ ಎಂದು ಹೇಳುತ್ತಿದ್ದವರು ಹನ್ನೊಂದು ವರ್ಷದಿಂದ ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋಗಿರಲಿಲ್ಲ. ನಾನು ಮರಕುಟಿಗದ ರೆಕ್ಕೆ ಕೊಟ್ಟ ಮರುವಾರವೇ ಕರೆದುಕೊಂಡು ಹೋದರು. ಅದಕ್ಕಾಗಿಯೇ ನಾನು ಹಕ್ಕಿ ಹೊಡೆದದ್ದು.

ಬೇಟೆ, ಮೀನುಗಾರಿಕೆಯ ಮೇಲೆ ಕಣ್ಣಿಡುವ ಗಾರ್ಡ್ ಪ್ರೆಸ್ನೆಲ್ ಅಲ್ಲಿಗೂ ಬಂದ.

"ಡಬ್ಬಿ ತೆಗೀರಿ ಯಜಮಾನ್ರೇ."

"ಯಾಕಪ್ಪ, ನಿನ್ನ ನೊಣಕ್ಕೆ ಮೀನು ಮೂಸ್ತಾ ಇಲ್ವಾ?"

ಪ್ರೆಸ್ನೆಲ್ ನಗುತ್ತಲೇ ಒಂದು ನೊಣ ಎತ್ತಿ ದಂಟನ್ನು ಉಗುರಿನಿಂದ ಕೆರೆದ. ಬಣ್ಣ ಹಾಕಿದ್ದಾದರೆ ಬಿಳಿ ಕಾಣುತ್ತದೆ. ಇದು ಕೆರೆದಷ್ಟೂ ಹಳದಿ. ಅವನ ನಗು ನಿಂತಿತು. ಚೀಲದಲ್ಲಿ ಮಿಕ್ಕಿದ್ದ ರೆಕ್ಕೆಯೂ ಸಿಕ್ಕಿತು.

"ಇದರಲ್ಲಿ ಗುಂಡಿನ ತೂತಿದೆ. ಯಾರು ಹೊಡೆದದ್ದು?"

ನಾನು ಬಗ್ಗಿ ದಾರದ ಗಂಟು ನೋಡುತ್ತಿದ್ದೆ. ಗಂಟು ಸರಿಯಾಗಿಯೇ ಇತ್ತು.

"ನಾನೇ," ಭಾವ ಅಂದರು.

"ನಿಮಗೆ ದೂರದ್ದು ಕಾಣಲ್ವಲ್ಲ."

"ಹಕ್ಕಿ ಹತ್ತಿರಾನೇ ಇತ್ತು."

ಪ್ರೆಸ್ನೆಲ್ ನನ್ನ ಕಡೆ ತಿರುಗಿದ. ನಾನು ಗಂಟು ಬಿಚ್ಚಿ ಮತ್ತೆ ಹಾಕತೊಡಗಿದೆ. ಅವನು ಭಾವನ ಹೆಸರು ಬರೆದುಕೊಂಡ. ಮಂಗಳವಾರ ಕೋರ್ಟು. ಒಪ್ಪಿಕೊಂಡರೆ ಎರಡು ವರ್ಷ ಮೀನು ಹಿಡಿಯುವ ಲೈಸೆನ್ಸ್ ಇಲ್ಲ. ಆ ಎದೆ ಇಟ್ಟುಕೊಂಡು ಎರಡು ವರ್ಷದ ಮೇಲೆ ಹಳ್ಳ ಹತ್ತುವುದು ಆಗದ ಮಾತು.

ಶನಿವಾರ ಊಟಕ್ಕೆ ಕೂತಾಗ ಲೊರೀನಾ ಜೋಳದ ಬ್ರೆಡ್ಡು ಮುರಿಯುತ್ತ, "ಅಣ್ಣನಿಗೆ ಕೋಳಿ ಕುಯ್ಯೋಕೂ ಧೈರ್ಯ ಇಲ್ಲ," ಅಂದಳು. ಬಾಗಿಲ ಹಿಂದಿನ ಏರ್‌ಗನ್ ನೋಡಿದಳು. ಹುರುಳಿಕಾಯಿ ಬಡಿಸಿದಳು. ನಾನು ಹೊಟ್ಟೆ ತುಂಬ ತಿಂದೆ.

ಭಾನುವಾರ ಭಾವನ ಮನೆಗೆ ಹೋದೆ. ಹಿತ್ತಲಿನ ಸ್ವಂತ ಕೊಳಕ್ಕೆ ಲೈಸೆನ್ಸ್ ಬೇಕಿಲ್ಲ. ಕುರ್ಚಿ ಹಾಕಿಕೊಂಡು ಕೂತು, ಬೆಳವನ ಗರಿಯ ನೊಣ ಎಸೆದು ಅಂಗೈಯಗಲದ ಬ್ಲೂಗಿಲ್ ಮೀನು ಹಿಡಿಯುತ್ತಿದ್ದರು.

"ಬಾ ಡೋರ್ಸಿ. ಈ ದಡ್ಡ ಮೀನಿಗೆ ಸಿಗರೇಟು ತುಂಡು ಎಸೆದರೂ ಕಚ್ಚುತ್ತೆ."

"ಭಾವ, ಆ ಹಕ್ಕಿ ಲಾರಿಗೆ ಸಿಕ್ಕಿದ್ದಲ್ಲ."

"ಗೊತ್ತು. ಲಾರಿ ತೂತು ಕೊರೆಯುತ್ತೇನೋ? ಮೊದಲನೇ ಗರಿ ಕೀಳುವಾಗಲೇ ನೋಡಿದೆ."

"ಮತ್ತೆ ಯಾಕೆ ಕಟ್ಟಿದಿರಿ?"

"ನಲವತ್ತು ವರ್ಷದಿಂದ ಬೇಕು ಅನ್ನಿಸ್ತಿತ್ತು, ಕಟ್ಟಿದೆ. ಅದಕ್ಕೇ ನಾನೇ ಅಂತ ಒಪ್ಪಿಕೊಂಡದ್ದು. ನಿನ್ನ ಮುಖ ನೋಡಿ ಅಲ್ಲ." ಮೀನನ್ನು ಗಾಳದಿಂದ ಬಿಡಿಸಿ ಬಕೆಟ್ಟಿಗೆ ಹಾಕಿದರು. "ನಾನು ಇನ್ನೆಷ್ಟು ಸಲ ಆ ಗುಡ್ಡ ಹತ್ತೇನು? ನಿನ್ನ ಲೈಸೆನ್ಸ್ ಉಳಿಯಲಿ. ವಾರಕ್ಕೆರಡು ಟ್ರೌಟ್ ತಂದು ಹಾಕು, ಸಾಕು."

ನನಗೆ ಹಾಯೆನ್ನಿಸಿತು. ಸುಳ್ಳಿಗಿಂತಲೂ, ಆ ಗಂಟಿಗಿಂತಲೂ ಈ ಹಾಯೆನಿಸಿದ್ದೇ ಹೆಚ್ಚು ನಾಚಿಕೆಗೇಡು. ಸರಿ ಭಾವ ಎಂದು ಹೊರಡಬಹುದಿತ್ತು.

"ಆ ಮರದಲ್ಲಿ ಗೂಡಿತ್ತು," ಅಂದೆ.

ಅವರು ದಾರ ಎಸೆಯಲು ಎತ್ತಿದ ಕೈ ಹಾಗೇ ನಿಂತಿತು.

"ಮರಿ?"

"ಇದ್ದವು. ಕೂಗ್ತಾ ಇದ್ದವು. ಜೋಡಿಯ ಇನ್ನೊಂದು ಹಕ್ಕಿ ಒಂಟಿಯಾಗಿ ಓಡಾಡ್ತಿತ್ತು. ನಾಕು ದಿನ ನೋಡಿದೆ. ಆಮೇಲೆ ಅದೂ ಬರಲಿಲ್ಲ."

"ನೋಡಿಯೇ ಹೊಡೆದೆಯಾ?"

"ಹುಳ ಕಚ್ಚಿಕೊಂಡು ಬಂದು ಕೂತಾಗ ಹೊಡೆದೆ. ಆಗ ಅಲುಗಾಡಲ್ಲ."

ಭಾವ ನಿಧಾನಕ್ಕೆ ದಾರ ಸುತ್ತಿಕೊಂಡರು. ನೊಣವನ್ನು ಬೆರಳಲ್ಲಿ ಒರೆಸಿ ಕೋಲಿನ ಉಂಗುರಕ್ಕೆ ಸಿಕ್ಕಿಸಿದರು. ಬಕೆಟ್ಟಿನ ಮೀನುಗಳನ್ನೆಲ್ಲ ಕೊಳಕ್ಕೆ ಸುರಿದುಬಿಟ್ಟರು.

"ಒಂದು ಹಕ್ಕಿಯ ತಪ್ಪು ನನ್ನ ತಲೆ ಮೇಲೆ ಹಾಕ್ಕೊಂಡಿದ್ದೆ," ಅಂದರು. "ಗೂಡಿನದು ಹಾಕ್ಕೊಳ್ಳಲ್ಲ."

ಒಳಗೆ ಹೋದರು. ಬಾಗಿಲು ಹಾಕಿದ ಮೇಲೆ ಕೆಮ್ಮು ಬಹಳ ಹೊತ್ತು ಕೇಳಿಸಿತು.

ಪ್ರೆಸ್ನೆಲ್‌ನ ಮನೆ ಆರು ಮೈಲಿ. ಅವನು ಅಂಗಳದಲ್ಲಿ ಜೀಪು ತೊಳೆಯುತ್ತಿದ್ದ. ನನ್ನ ಲೈಸೆನ್ಸನ್ನು ಬಾನೆಟ್ಟಿನ ಒದ್ದೆಯ ಮೇಲೇ ಇಟ್ಟೆ.

"ಏನಿದು?"

"ನನ್ನ ಹೆಸರಿಗೆ ಬರ್ಕೊಳ್ಳಿ," ಅಂದೆ. "ಮೊದಲು ಗೂಡಿನಿಂದ ಶುರು ಮಾಡಿ."