ಲಾರಿ ಪಾಸಿನ ಭಾಗ್ಯಾ

ಇಳಕಲ್ಲಿನ ಆ ಗ್ರಾನೈಟ್ ಕಾರ್ಖಾನೆಯವರು ನನ್ನನ್ನು ಹುನಗುಂದದಿಂದ ಕರೆಸಿದ್ದು ಕಂಪ್ಯೂಟರ್ ರಿಪೇರಿಗೆ. ಆದರೆ ಮಾಲೀಕ ಚೇತನಕುಮಾರ ಮೊದಲು ಒಪ್ಪಿಸಿದ್ದು ಮನುಷ್ಯರ ಮೇಲಿನ ದೂರು. ಲಾರಿಗಳಿಗೆ ಗೇಟ್ ಪಾಸು ಕೊಡುತ್ತಿದ್ದ ಭಾಗ್ಯಾಳ ಕೈ ಭಾಳ ಮಂದ, ಅದಕ್ಕೇ ಹೋದ ತಿಂಗಳು ಕೆಲಸ ಬಿಡಿಸಿದೆ, ಈಗ ಆ ಕುರ್ಚಿಗೆ ಕೂರಿಸಿದ ಅಮೀನಬಿಯದೂ ಅದೇ ಹಾಡು ಎಂದ. ಇಂಥ ಮಾತು ಕೇಳಿದರೆ ನನಗೆ ಮೈ ಉರಿಯುತ್ತದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಎಲ್ಲರೂ ನಗುತ್ತಾರೆ. ನೆಲ ಡೊಂಕಿದೆಯೋ ಇಲ್ಲವೋ ಎಂದು ಒಬ್ಬರೂ ಬಗ್ಗಿ ನೋಡುವುದಿಲ್ಲ.

ಅಮೀನಬಿ ಭಾಗ್ಯಾಳ ಗೆಳತಿ. ಮಾಲೀಕ ಅತ್ತ ಹೋದದ್ದೇ ಮೆಲ್ಲಗೆ ಹೇಳಿದಳು: "ಲಕ್ಷ್ಮಣಣ್ಣ, ತಪ್ಪು ಮಶಿನಿಂದು ಅಂತ ಗೊತ್ತಾದ್ರ ಭಾಗ್ಯಾನ್ನ ತಿರಗಿ ಕರೀತಾರ. ಚಲೋತಂಗ ನೋಡ್ರಿ."

ಪಾಸು ತೆಗೆಯುವ ಪ್ರೋಗ್ರಾಂ ಹಳೇ ಕಾಲದ್ದು, ಕಪ್ಪು ಪರದೆ, ಹಸಿರು ಅಕ್ಷರ. ಒತ್ತಿದ ಒಂದೊಂದು ಅಕ್ಷರವೂ ವೈರಿನಲ್ಲಿ ಸ್ಟೋರ್ ರೂಮಿನ ಸರ್ವರಿಗೆ ಹೋಗಿ ಮರಳಿದ ಮೇಲೇ ಪರದೆಯಲ್ಲಿ ಕಾಣುವುದು. ಅಮೀನಬಿ ಲಾರಿ ನಂಬರು ಒತ್ತಿ ಕೈಕಟ್ಟಿ ಕೂತಳು. ಅಂಕಿಗಳು ಒಲ್ಲದ ಮನಸ್ಸಿನಿಂದ ಒಂದೊಂದಾಗಿ ಬಂದವು. ಹೊರಗೆ ಡ್ರೈವರುಗಳು ಹಾರ್ನ್ ಬಾರಿಸುತ್ತಿದ್ದರು.

ಸರ್ವರ್ ನೋಡಿದೆ, ಅದು ಆರಾಮವಾಗಿತ್ತು. ವೈರು ಬದಲಿಸಿದೆ, ಏನೂ ಉಪಯೋಗವಾಗಲಿಲ್ಲ. ಮಧ್ಯಾಹ್ನ ಕರೆಂಟ್ ಹೋಯಿತು. ಕಂಪ್ಯೂಟರುಗಳೆಲ್ಲ ಯುಪಿಎಸ್ ಮೇಲೆ ನಡೆಯುತ್ತಿದ್ದವು, ಮತ್ತು ಅಕ್ಷರಗಳು ಹಗ್ಗ ಬಿಚ್ಚಿದ ಕರುವಿನಂತೆ ಓಡತೊಡಗಿದವು. ಕರೆಂಟ್ ಬಂದದ್ದೇ ಮತ್ತೆ ತೆವಳಿದವು. ಕರೆಂಟಿನ ಜೊತೆ ಹೋಗಿ ಬಂದದ್ದು ಯಾವುದು ಎಂದು ತಲೆಯೆತ್ತಿದರೆ, ಗೋಡೆಯ ತುಂಬ ಕ್ಯಾಮೆರಾ, ಯುಪಿಎಸ್ ಇಲ್ಲದವು. ಯಾರು ಕೆಲಸಗಳ್ಳರು ಎಂದು ಹಿಡಿಯಲು ಚೇತನಕುಮಾರ ಹಾಕಿಸಿದ್ದ. ಅವುಗಳ ವಿಡಿಯೋ ಎಲ್ಲ ಅದೇ ವೈರಿನಲ್ಲಿ ನುಗ್ಗಿ ಅಕ್ಷರಗಳಿಗೆ ದಾರಿಯನ್ನೇ ಬಿಡುತ್ತಿರಲಿಲ್ಲ. ಕೆಲಸ ನಿಧಾನವಾದಷ್ಟೂ ಅವನು ಕ್ಯಾಮೆರಾ ಹೆಚ್ಚಿಸುತ್ತ ಹೋಗಿದ್ದ.

ಕ್ಯಾಮೆರಾಗಳ ವೈರು ಕಿತ್ತು, ಅಕ್ಷರ ಓಡುವುದನ್ನು ಅವನ ಎದುರಿಗೇ ತೋರಿಸಿದೆ. ಆತ ಕೆಟ್ಟವನಲ್ಲ. ಅವಕ್ಕೆ ಬೇರೆ ವೈರು ಎಳೆಯಿರಿ ಎಂದ. ಭಾಗ್ಯಾಳಿಗೆ ನಾಳೆಯಿಂದಲೇ ಬರಲು ಹೇಳಿ ಎಂದ. ಅಮೀನಬಿಯ ಮುಖ ಅರಳಿತು.

ಸಂಜೆ ನಾನೂ ಅಮೀನಬಿಯೂ ಭಾಗ್ಯಾಳ ಮನೆಗೆ ಹೋದೆವು. ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದಳು. ನಾನು ಎಲ್ಲವನ್ನೂ ಬಿಡಿಸಿ ಹೇಳಿದೆ. ಅವಳು ಬಡಿದ ರೊಟ್ಟಿಯನ್ನು ಹಂಚಿಗೆ ಹಾಕಿದಳು.

"ತಪ್ಪು ಮಶಿನಿಂದು ಅಂತ ಮೊದಲ ನಾನೂ ಅಂದಿದ್ದೆ ಅಣ್ಣ. ಆಮ್ಯಾಲ ಮಾಲಕರು ವಿಡಿಯೋ ತೋರಿಸಿದ್ರು. ಹೊರಗ ಅಷ್ಟು ಲಾರಿ ನಿಂತಾವ, ನಾ ಗಲ್ಲಕ್ಕ ಕೈ ಹಚ್ಚಿ ಕುಂತೇನಿ."

ಅಕ್ಷರದ ಹಾದಿ ಕಾಯುತ್ತ ಕೂತಿದ್ದೆಯಲ್ಲ ತಂಗಿ, ಬೇರೆ ಏನು ಮಾಡಬೇಕಿತ್ತು ಎಂದೆ. ಅವಳು ಅಲ್ಲವೆಂದು ತಲೆಯಾಡಿಸಿದಳು. ಹಂಚಿನ ಮೇಲಿನ ರೊಟ್ಟಿ ಹೊತ್ತುತ್ತಿತ್ತು. ತಿರುವಿ ಹಾಕಲು ಹೋದ ಅವಳ ಕೈ ನಡುವೆಯೇ ನಿಂತಿತು.

"ಈಗ ಮನ್ಯಾಗೂ ಹಿಂಗ ಆಗೈತ್ರಿ. ಏನ ಮಾಡಾಕ ಹ್ವಾದ್ರೂ ಯಾರೋ ಮ್ಯಾಲಿಂದ ನೋಡಾಕತ್ತಾರ ಅನಸ್ತೈತಿ. ಕೈ ಓಡೂದಿಲ್ಲ. ಬ್ಯಾರೆ ಯಾರನ್ನರೆ ನೋಡ್ಕೋರಿ ಅಂತ ಹೇಳ್ರಿ ಅವರಿಗೆ."

ಅಮೀನಬಿ ಬಗ್ಗಿ ಆ ರೊಟ್ಟಿಯನ್ನು ತಿರುವಿದಳು.