ತಲುಪಿಸದ ಮಾತು

"ಕರಿ ಕೋಟಿಗೂ ಕಾರಿಗೂ ಏನು ಸಂಬಂಧ, ಮೇಡಂ?" ಎಂದು ಕೇಳಿದ ಪಾಯಿಂಟು, ಉತ್ತರಕ್ಕೆ ಕಾಯದೆ ತಾನೇ ಮುಂದುವರಿದ. ಮಾತಿಗೆ ಮೊದಲು 'ಒಂದು ಪಾಯಿಂಟು ಇದೆ' ಎಂದು ಬೆರಳೆತ್ತುವುದರಿಂದ ಅವನಿಗೆ ಆ ಹೆಸರು ಬಿದ್ದಿತ್ತು. ಅವನೂ ವಕೀಲನೇ; ಇಪ್ಪತ್ತೆಂಟು ವರ್ಷ ಒಂದೇ ಕಚೇರಿಯ ಕೋಣೆಯಲ್ಲಿ ಎದುರುಬದುರು ಮೇಜು ಹಾಕಿಕೊಂಡು ಕೂತ ಗೆಳೆಯನ ಪರವಾಗಿ ಇವತ್ತು ನಿಂತಿದ್ದ. ಆ ಗೆಳೆಯ, ಅಂದರೆ ನಮ್ಮ ವಕೀಲರು, ಪಕ್ಕದಲ್ಲಿ ಬರಿ ಅಂಗಿಯಲ್ಲಿ ಕೂತಿದ್ದರು. ಶಿಕ್ಷೆಯಾದ ದಿನದಿಂದ ಅವರು ಕೋಟು ಹಾಕುವಂತಿರಲಿಲ್ಲ. ಇನ್ನು ಮುಂದೆ ಹಾಕಬಹುದೇ ಎಂದು ಹೇಳಬೇಕಾದವರು ಎದುರಿಗೆ ಕೂತ, ವಕೀಲರ ಪರಿಷತ್ತಿನ ಶಿಸ್ತು ಸಮಿತಿಯ ಮೂವರು.

ಎರಡು ವರ್ಷದ ಹಿಂದೆ ಒಂದು ಸಂಜೆ, ಕೋರ್ಟು ಮುಗಿಸಿ ಮನೆಗೆ ಹೋಗುವಾಗ ಅವರ ಕಾರು ಸೈಕಲ್ಲಿನವನೊಬ್ಬನಿಗೆ ಗುದ್ದಿತ್ತು; ಅವನು ಸತ್ತಿದ್ದ. ಕಾರು ನಿಲ್ಲಿಸದೇ ಹೋದರು ಎಂದರು ಪೊಲೀಸರು; ಗುದ್ದಿದ್ದೇ ಗೊತ್ತಾಗಲಿಲ್ಲ ಎಂದರು ವಕೀಲರು. ಕೇಳಿದ್ದಕ್ಕಿಂತ ಒಂದಕ್ಷರ ಹೆಚ್ಚು ಬಾಯಿ ಬಿಡಬೇಡಿ ಎಂದು ಜೀವಮಾನವೆಲ್ಲ ಕಕ್ಷಿದಾರರಿಗೆ ಹೇಳಿಕೊಟ್ಟ ಪಾಠವನ್ನು ತಾವೇ ಒಪ್ಪಿಸಿದ್ದರು. ನಿರ್ಲಕ್ಷ್ಯದ ಚಾಲನೆ ಎಂಬುದಷ್ಟೇ ಸಾಬೀತಾಗಿ ಆರು ತಿಂಗಳು ಒಳಗಿದ್ದು ಬಂದರು. ಆ ತೀರ್ಪನ್ನು ಸಮಿತಿ ಮತ್ತೆ ಕೆದಕುವಂತಿಲ್ಲ. ಅಪರಾಧಕ್ಕೂ ವೃತ್ತಿಗೂ ಸಂಬಂಧವಿಲ್ಲವೆಂದಾದರೆ ಒಂದು ವರ್ಷ ಅಮಾನತು. ಇದೆಯೆಂದಾದರೆ ವಕೀಲರ ಪಟ್ಟಿಯಿಂದ ಹೆಸರೇ ಹೋಗುತ್ತದೆ. ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು, ಇವತ್ತೊಂದು ದಿನ ತಲೆ ಬಗ್ಗಿಸಿ ಕೂತಿರು ಎಂದು ಪಾಯಿಂಟು ಬೆಳಿಗ್ಗೆಯೇ ತಾಕೀತು ಮಾಡಿದ್ದ.

ಸತ್ತವನು ಮಾತ್ರ ವಕೀಲರನ್ನು ಬಿಟ್ಟಿರಲಿಲ್ಲ. ಕನಸಿನಲ್ಲಷ್ಟೇ ಬಂದು ಹೋಗುವ ದಾಕ್ಷಿಣ್ಯವೂ ಆ ಪುಣ್ಯಾತ್ಮನಿಗಿರಲಿಲ್ಲ. ಹಲ್ಲುಜ್ಜುವಾಗ, ಚಪ್ಪಲಿ ಹುಡುಕುವಾಗ, ಹಾಡುಹಗಲೇ ಕಿವಿಯ ಪಕ್ಕ ನಿಲ್ಲುತ್ತಿದ್ದ. ಬಾಗಿಲು ಕಿರುಗುಟ್ಟಿದರೂ ವಕೀಲರು ಬೆಚ್ಚುತ್ತಿದ್ದರು. ವಯಸ್ಸಾಯಿತು ನಿಮಗೆ ಎಂದು ಹೆಂಡತಿ ನಗುತ್ತಿದ್ದಳು.

ಹಿಂದಿನ ಬೆಂಚಿನಲ್ಲಿ ಸತ್ತವನ ಅಕ್ಕ ಕೂತಿದ್ದಳು. ದೂರು ಕೊಟ್ಟವಳು ಅವಳೇ. ಪ್ರತಿ ತಾರೀಖಿಗೂ ತಪ್ಪದೆ ಬರುತ್ತಿದ್ದಳು, ಬೈಯುತ್ತಿರಲಿಲ್ಲ, ಅಳುತ್ತಿರಲಿಲ್ಲ. ತಮ್ಮ ಅಲ್ಲೇ ಹೋದನಂತೆ, ನರಳಲಿಲ್ಲವಂತೆ, ಅಷ್ಟೇ ಪುಣ್ಯ ಎಂದು ಒಮ್ಮೆ ಯಾರಿಗೋ ಹೇಳುತ್ತಿದ್ದುದು ವಕೀಲರ ಕಿವಿಗೂ ಬಿದ್ದಿತ್ತು.

ಅಧ್ಯಕ್ಷೆ ಕನ್ನಡಕ ತೆಗೆದು ವಕೀಲರನ್ನೇ ನೋಡಿದರು. ಅಪಘಾತದ ಹೊತ್ತಿನಲ್ಲಿ ನೀವು ವಕೀಲರಾಗಿ ಯಾರ ಜೊತೆಗಾದರೂ ವ್ಯವಹರಿಸಿದಿರಾ ಎಂದು ಕೇಳಿದರು. ಕೇಳಲೇಬೇಕಾದ ಪ್ರಶ್ನೆ ಅದು. ಇಲ್ಲ ಎಂದರೆ ಮುಗಿಯುತ್ತಿತ್ತು. ಪಾಯಿಂಟು ಆಗಲೇ ಕಾಗದಗಳನ್ನು ಜೋಡಿಸಿಕೊಳ್ಳುತ್ತಿದ್ದ.

"ನಾನು ಕಾರು ನಿಲ್ಲಿಸಿದ್ದೆ," ಎಂದರು ವಕೀಲರು.

ಪಾಯಿಂಟು ಅವರ ಭುಜ ಹಿಡಿದು ಒತ್ತಿದ. ಅವರು ಆ ಕೈಯನ್ನು ಮೆಲ್ಲನೆ ಸರಿಸಿದರು.

"ಇಳಿದು ಹತ್ತಿರ ಹೋದೆ. ಇನ್ನೂ ಜೀವ ಇತ್ತು. ನನ್ನ ಕೊರಳಲ್ಲಿ ಬಿಳಿ ಬ್ಯಾಂಡ್ ಹಾಗೇ ಇತ್ತು, ಅದನ್ನ ನೋಡ್ದ. 'ವಕೀಲ್ರಾ? ಹಾಗಾದ್ರೆ ಭಯ ಇಲ್ಲ ಬಿಡಿ' ಅಂದ. ಬೇರೆ ಯಾರಾದ್ರೂ ಆಗಿದ್ದಿದ್ರೆ ಕೂಗ್ಕೋತಿದ್ದ. ಕೂಗಿದ್ರೆ ಆಚೆ ಅಂಗಡಿಯೋರಿಗೆ ಕೇಳ್ಸೋದು. ನನ್ನ ನಂಬಿ ಸುಮ್ಮನಾದ."

ಬೆರಳಚ್ಚಿನ ಸದ್ದು ನಿಂತುಹೋಯಿತು. ಅಧ್ಯಕ್ಷೆ ಸನ್ನೆ ಮಾಡಿದಾಗ ಬೆರಳಚ್ಚುಗಾರ್ತಿ, ಸ್ವಲ್ಪ ನಿಧಾನವಾಗಿ ಹೇಳಿ ಸರ್, ಎಂದಳು. ವಕೀಲರು ಸಾವಿರಾರು ಅರ್ಜಿ ಹೇಳಿ ಬರೆಸಿದವರು. ಅದೇ ದನಿಯಲ್ಲಿ, ವಾಕ್ಯಕ್ಕೊಮ್ಮೆ ನಿಲ್ಲಿಸಿ, ಎಲ್ಲವನ್ನೂ ಮತ್ತೆ ಹೇಳಿದರು. ಆಂಬುಲೆನ್ಸಿಗೆ ಫೋನು ಮಾಡುತ್ತೇನೆಂದು ಕಾರಿಗೆ ಮರಳಿದ್ದು, ಫೋನು ಕೈಯಲ್ಲಿ ಹಿಡಿದಾಗ ತನ್ನ ಮೇಲೆ ಯಾವ ಕೇಸಾಗುತ್ತದೆಂಬ ಲೆಕ್ಕವೇ ಮೊದಲು ತಲೆಗೆ ಬಂದದ್ದು, ಕೈ ತಾನಾಗಿ ಕೀಲಿ ತಿರುಗಿಸಿದ್ದು. ಇನ್ನೂ ಒಂದು ಮಾತು ಬಾಕಿಯಿತ್ತು. ಅದಕ್ಕಾಗಿ ಅವರು ಎದ್ದು ಹಿಂದಕ್ಕೆ ತಿರುಗಿದರು. ಎರಡು ವರ್ಷದಲ್ಲಿ ಆಕೆಯ ಮುಖವನ್ನು ನೇರವಾಗಿ ನೋಡಿದ್ದು ಅದೇ ಮೊದಲು.

"ನಿಮಗೊಂದು ಮಾತು ಹೇಳಿ ಕಳಿಸಿದ್ದ ಅಮ್ಮಾ. 'ಅಕ್ಕ ಊಟಕ್ಕೆ ಕಾಯ್ತಿರ್ತಾಳೆ. ತಡ ಆಗುತ್ತೆ, ಕಾಯ್ಬೇಡ ಅಂತ ಒಂದು ಫೋನ್ ಮಾಡಿ ಸರ್' ಅಂದ. ನಂಬರೂ ಹೇಳ್ದ. ನಾನು ಮಾಡ್ಲಿಲ್ಲ."

ಹೇಳಿಬಿಟ್ಟರೆ ಎದೆ ಹಗುರಾದೀತು ಎಂದುಕೊಂಡಿದ್ದರು. ಆಗಲಿಲ್ಲ.

"ಮಾತಾಡೋವಷ್ಟು ಹೊತ್ತು ಇದ್ನಾ?" ಎಂದು ಕೇಳಿದಳು ಆಕೆ.

"ಇದ್ದ."

"ನಾನು ಕಾದಿರ್ಲಿಲ್ಲ," ಎಂದಳು ಆಕೆ, ವಕೀಲರಿಗಲ್ಲ, ತನಗೂ ಅಲ್ಲ ಎಂಬಂತೆ. "ಬೆಳಿಗ್ಗೆ ಇಬ್ಬರಿಗೂ ಜಗಳ ಆಗಿತ್ತು. ಅವತ್ತು ನಾನು ಊಟ ಮಾಡಿ ಮಲಗ್ಬಿಟ್ಟಿದ್ದೆ."

ಇದನ್ನೂ ಬರೆದುಕೊಳ್ಳಬೇಕೇ ಎಂಬಂತೆ ಬೆರಳಚ್ಚುಗಾರ್ತಿ ತಲೆಯೆತ್ತಿದಳು. ಪಾಯಿಂಟು ಒಂದು ಲೋಟ ನೀರು ತೆಗೆದುಕೊಂಡು ಹಿಂದಿನ ಬೆಂಚಿನವರೆಗೂ ಹೋದ. ಆಕೆ ಕೈ ಚಾಚಲಿಲ್ಲ. ಅವನು ಲೋಟ ಹಿಡಿದುಕೊಂಡು ಹಾಗೇ ನಿಂತ.